ಕೊರಿಯಾದ ಕೆ9 ಫಿರಂಗಿ ದೇಶದೇಶಕ್ಕೆ ಹೋದ ಬಗೆ ಮತ್ತು ನಮ್ಮ ಕೋಲಾರ, ತುಮಕೂರಿನ ಯಂತ್ರಶಾಲೆಗಳು

ಅಂತರಗಂಗೆ, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರದ ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಪಾಠ ಹೇಳುವವನು ನಾನು. ಕಳೆದ ವಾರ ಲೋಹಶಾಸ್ತ್ರದ ತರಗತಿಯಲ್ಲಿ ಫಿರಂಗಿ ನಳಿಗೆಯ ಉಕ್ಕಿನ ವಿಷಯ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ಸೇನೆಯ ವಜ್ರ ಫಿರಂಗಿ ಮೂಲದಲ್ಲಿ ಕೊರಿಯಾದ್ದಂತೆ. ನಮಗಿಂತ ಎಷ್ಟೋ ಚಿಕ್ಕ ದೇಶ ಅದು. ಅವರು ಮಾಡಿ ಮಾರುವುದನ್ನು ನಾವೇಕೆ ಮಾಡಲಿಲ್ಲ?" ಎಂದು ಕೇಳಿದ. ಅಷ್ಟರಲ್ಲಿ ಗಂಟೆ ಹೊಡೆಯಿತು; ಅರ್ಧ ಉತ್ತರ ಹೇಳಿ ಹೊರಬಂದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಸೇನೆಯಲ್ಲಿದ್ದವರು, ಕಾರ್ಖಾನೆ ನಡೆಸುವವರು ನಾನು ತಪ್ಪಿದಲ್ಲಿ ತಿದ್ದಬೇಕೆಂದು ಕೋರುತ್ತೇನೆ.

ಮೊದಲಿಗೆ ಒಂದು ಪದದ ಮಾತು. ಪತ್ರಿಕೆಗಳಲ್ಲಿ ಇದನ್ನು 'ಸ್ವಯಂಚಾಲಿತ ಫಿರಂಗಿ' ಎಂದು ಬರೆಯುವುದುಂಟು. ಅದನ್ನು ಓದಿದವರು ತಾನಾಗಿಯೇ ಗುಂಡು ಹಾರಿಸುವ ಯಂತ್ರವೆಂದು ತಿಳಿಯುತ್ತಾರೆ. ಲಾರಿ ಎಳೆಯುವ ಅಗತ್ಯವಿಲ್ಲದೆ, ತನ್ನದೇ ಎಂಜಿನ್ನಿನ ಬಲದಿಂದ ಓಡುವ ಫಿರಂಗಿ ಎಂಬುದಷ್ಟೇ ಇದರ ಅರ್ಥ. ಆದ್ದರಿಂದ ನಾನು 'ಸ್ವಯಂ ಚಲಿಸುವ ಫಿರಂಗಿ' ಎಂದು ಬರೆಯುತ್ತೇನೆ. ನೋಟಕ್ಕೆ ಟ್ಯಾಂಕಿನಂತಿದ್ದರೂ ಇದರ ಕೆಲಸ ಬೇರೆ. ಟ್ಯಾಂಕ್ ಕಣ್ಣಿಗೆ ಕಾಣುವ ಗುರಿಗೆ ನೇರವಾಗಿ ಹೊಡೆಯುತ್ತದೆ. ಇದು ಬೆಟ್ಟದಾಚೆಯ ಕಾಣದ ಗುರಿಗೆ ಗುಂಡನ್ನು ಕಮಾನಿನಂತೆ ಎತ್ತಿ ಎಸೆಯುತ್ತದೆ. ನಮ್ಮ ವಜ್ರದ ಮೂಲರೂಪವಾದ ದಕ್ಷಿಣ ಕೊರಿಯಾದ ಕೆ9 ಸುಮಾರು 40 ಕಿಲೋಮೀಟರ್ ದೂರ ಹೊಡೆಯಬಲ್ಲದು. ಇಲ್ಲಿ ಕೋಲಾರದಲ್ಲಿ ನಿಲ್ಲಿಸಿ ಉತ್ತರಕ್ಕೆ ಹಾರಿಸಿದರೆ ಗುಂಡು ಚಿಂತಾಮಣಿಯನ್ನೂ ದಾಟಿ ಬೀಳುತ್ತದೆ ಎಂದಾಗ ಹುಡುಗರಿಗೆ ಆ ದೂರದ ಅಂದಾಜು ಸಿಕ್ಕಿತು.

ಕೊರಿಯಾದವರು ಒಮ್ಮೆಲೇ ಕೆ9 ಮಾಡಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಎಂ109 ಫಿರಂಗಿಯನ್ನು ಪರವಾನಗಿ ಪಡೆದು ಕೆ55 ಎಂಬ ಹೆಸರಿನಲ್ಲಿ ತಮ್ಮಲ್ಲೇ ತಯಾರಿಸುತ್ತಾ ಕೈ ಪಳಗಿಸಿಕೊಂಡರು. 1989ರಲ್ಲಿ ಅವರ ರಕ್ಷಣಾ ಅಭಿವೃದ್ಧಿ ಸಂಸ್ಥೆ ಮತ್ತು ಅಂದಿನ ಸ್ಯಾಮ್‌ಸಂಗ್ ಏರೋಸ್ಪೇಸ್ ಸೇರಿ ಸ್ವಂತ ವಿನ್ಯಾಸಕ್ಕೆ ಕೈಹಾಕಿದವು. 1996ರಲ್ಲಿ ಮೊದಲ ಮಾದರಿ ಹೊರಬಂತು. 1999ರ ಕೊನೆಯಲ್ಲಿ ಸೇನೆಗೆ ಮೊದಲ ಫಿರಂಗಿ ಸಿಕ್ಕಿತು. ಹತ್ತು ವರ್ಷ ಹಿಡಿದ ಈ ಕೆಲಸದ ಫಲ 155 ಮಿಲಿಮೀಟರ್ ಅಗಲದ ಬಾಯಿ, 52 ಕ್ಯಾಲಿಬರ್ ಉದ್ದದ ನಳಿಗೆ, ಸುಮಾರು 47 ಟನ್ ತೂಕ, 1000 ಅಶ್ವಶಕ್ತಿಯ ಎಂಜಿನ್ ಇರುವ ಒಂದು ಯಂತ್ರ. ಕ್ಯಾಲಿಬರ್ ಎಂದರೆ ಬಾಯಿಯ ಅಗಲದ ಎಷ್ಟು ಪಟ್ಟು ಉದ್ದ ಎಂಬ ಲೆಕ್ಕ. 155ನ್ನು 52ರಿಂದ ಗುಣಿಸಿದರೆ 8 ಮೀಟರಿಗೆ ತುಸು ಹೆಚ್ಚು. ನಳಿಗೆ ಉದ್ದವಾದಷ್ಟೂ ಮದ್ದಿನ ಅನಿಲ ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ, ಗುಂಡಿನ ವೇಗ ಏರುತ್ತದೆ, ದೂರ ಹೆಚ್ಚುತ್ತದೆ. ನಮ್ಮ ಸ್ವದೇಶಿ ಧನುಷ್ ಫಿರಂಗಿ 45 ಕ್ಯಾಲಿಬರ್‌ನದು. ಹಳೆಯ ಬೋಫೋರ್ಸ್ 39 ಕ್ಯಾಲಿಬರ್‌ನದು.

ಮಾರಾಟದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 2001ರಲ್ಲಿ ಟರ್ಕಿ ಅದನ್ನು ತನ್ನಲ್ಲೇ ಫಿರ್ಟಿನಾ ಎಂಬ ಹೆಸರಿನಲ್ಲಿ ಮಾಡಿಕೊಳ್ಳುವ ಒಪ್ಪಂದವಾಯಿತು. ಪೋಲೆಂಡ್ ತನ್ನ ಕ್ರಾಬ್ ಫಿರಂಗಿಗೆ ಸ್ವದೇಶಿ ಷಾಸಿ (ಫಿರಂಗಿಯನ್ನು ಹೊತ್ತು ಓಡುವ ಕೆಳಮೈ) ಮಾಡಿ, ಅದು ಬಿರುಕು ಬಿಟ್ಟಾಗ 2014ರಲ್ಲಿ ಕೆ9ರ 120 ಷಾಸಿಗಳಿಗೆ ಬೇಡಿಕೆ ಕೊಟ್ಟಿತು. 2017ರಲ್ಲಿ ಫಿನ್ಲೆಂಡ್ ಬಳಸಿದ 48 ಫಿರಂಗಿಗಳನ್ನು ಕೊಂಡಿತು. ಅದೇ ವರ್ಷ ಭಾರತ 100ಕ್ಕೆ, ನಾರ್ವೆ 24ಕ್ಕೆ ಸಹಿ ಹಾಕಿದವು. ಎಸ್ಟೋನಿಯಾ, ಆಸ್ಟ್ರೇಲಿಯಾ, ಈಜಿಪ್ಟ್, ರೊಮೇನಿಯಾ ನಂತರ ಬಂದವು. ಇಷ್ಟೆಲ್ಲ ದೇಶಗಳು ಒಂದೇ ಫಿರಂಗಿಯನ್ನು ಒಪ್ಪಲು ಅದರ ಗುಣವೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಜರ್ಮನಿಯ ಪಿಝಡ್‌ಎಚ್ 2000 ಹಲವು ವಿಷಯಗಳಲ್ಲಿ ಇದಕ್ಕಿಂತ ಮೇಲು. ಅದರೊಳಗೆ 60 ಗುಂಡು ಹಿಡಿಯುತ್ತವೆ, ಇದರೊಳಗೆ 48. ಆದರೂ ಕೆ9 ಗೆದ್ದದ್ದು ಏಕೆ ಎಂಬುದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಮೇಷ್ಟರಿಗೆ ವಂದನೆಗಳು. ನಾನು ಇಪ್ಪತ್ತೆರಡು ವರ್ಷ ತೋಪುಪಡೆಯಲ್ಲಿ ದುಡಿದು, ಹವಾಲ್ದಾರನಾಗಿ ನಿವೃತ್ತನಾಗಿ, ಈಗ ಊರಿನಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದೇನೆ. ನನ್ನ ಸೇವೆಯ ಬಹುಭಾಗ ಬೋಫೋರ್ಸ್ ಜೊತೆ ಕಳೆಯಿತು. 1999ರ ಕಾರ್ಗಿಲ್ ಯುದ್ಧದ ವೇಳೆ ದ್ರಾಸ್‌ನಲ್ಲಿಯೂ ಇದ್ದೆ.

ಪುಸ್ತಕದಲ್ಲಿ ಓದಿದವರಿಗೆ ಫಿರಂಗಿಯ ದೂರವೇ ದೊಡ್ಡದಾಗಿ ಕಾಣುತ್ತದೆ. ಅದರ ಬಳಿ ನಿಂತವನಿಗೆ ದೊಡ್ಡದಾಗಿ ಕಾಣುವುದು ಸಮಯ. 155ರ ಒಂದು ಶೆಲ್ ಸುಮಾರು 43 ಕಿಲೋ ತೂಗುತ್ತದೆ, ಅಂದರೆ ಒಂದು ಸಿಮೆಂಟ್ ಚೀಲಕ್ಕೆ ತುಸು ಕಡಿಮೆ. ಎತ್ತರದ ಜಾಗದಲ್ಲಿ ಉಸಿರು ಸಾಲದೆ ಇರುವಾಗ ಅದನ್ನು ರಾತ್ರಿಯಿಡೀ ಎತ್ತಿ ಕೊಡುತ್ತಾ ಹೋದರೆ ಬೆಳಗಿನ ಹೊತ್ತಿಗೆ ಅಂಗೈ ಮುಷ್ಟಿ ಕಟ್ಟಲು ಬರುವುದಿಲ್ಲ. ಬೋಫೋರ್ಸ್‌ನ ಹಿಂಬದಿಯ ಎರಡು ಕಾಲುಗಳ ತುದಿಯ ಸಲಿಕೆಯಂಥ ಸ್ಪೇಡ್‌ಗಳು ಪ್ರತಿ ಹೊಡೆತಕ್ಕೂ ನೆಲದೊಳಗೆ ಇನ್ನಷ್ಟು ಹೂತುಕೊಳ್ಳುತ್ತವೆ. ಜಾಗ ಬದಲಿಸಬೇಕೆಂದರೆ ಅವನ್ನು ಕಿತ್ತು, ಕಾಲು ಮಡಚಿ, ಲಾರಿಗೆ ಕಟ್ಟಬೇಕು. ನಾವು ಹೊಡೆದ ಗುಂಡು ಇನ್ನೂ ಆಕಾಶದಲ್ಲಿರುವಾಗಲೇ ಎದುರಾಳಿಯ ರಾಡಾರ್ ಅದರ ಹಾದಿ ನೋಡಿ ನಾವಿರುವ ಜಾಗವನ್ನು ಲೆಕ್ಕ ಹಾಕುತ್ತಿರುತ್ತದೆ. ಆ ಕಾಲು ಮಡಚುವ ನಿಮಿಷಗಳಲ್ಲಿ ಯಾರೂ ಮಾತನಾಡುವುದಿಲ್ಲ.

ಕೆ9ರ ಬೆಲೆ ಇರುವುದು ಇಲ್ಲಿ. ನಿಂತಿದ್ದರೆ 30 ಸೆಕೆಂಡಿನಲ್ಲಿ, ಓಡುತ್ತಿದ್ದರೆ ನಿಲ್ಲಿಸಿ 60 ಸೆಕೆಂಡಿನಲ್ಲಿ ಅದು ಮೊದಲ ಗುಂಡು ಹಾರಿಸುತ್ತದೆ. 15 ಸೆಕೆಂಡಿನಲ್ಲಿ ಮೂರು ಗುಂಡು ಹಾರಿಸಿ ಹೊರಟುಬಿಡುತ್ತದೆ. ನೆಲಕ್ಕೆ ಸ್ಪೇಡ್ ಇಳಿಸುವ ಕೆಲಸವೇ ಇಲ್ಲ. ಹಿನ್ನೊದೆತವನ್ನು 47 ಟನ್ ಮೈಯೂ ಅದರ ಎಣ್ಣೆ ಮತ್ತು ಅನಿಲ ತುಂಬಿದ ಸಸ್ಪೆನ್ಷನ್ನೂ ತಾಳಿಕೊಳ್ಳುತ್ತವೆ. ಮೊದಲ ಗುಂಡನ್ನು ಎತ್ತರಕ್ಕೆ, ಎರಡನೆಯದನ್ನು ಅದಕ್ಕಿಂತ ತಗ್ಗಿಗೆ, ಮೂರನೆಯದನ್ನು ಇನ್ನೂ ತಗ್ಗಿಗೆ ಹಾರಿಸಿ ಮೂರೂ ಒಂದೇ ಕ್ಷಣದಲ್ಲಿ ಗುರಿಯ ಮೇಲೆ ಬೀಳುವಂತೆ ಮಾಡುವ ಲೆಕ್ಕವೂ ಅದರ ಕಂಪ್ಯೂಟರಿನಲ್ಲಿದೆ. ಶೆಲ್ಲನ್ನು ಯಂತ್ರವೇ ನಳಿಗೆಗೆ ತಳ್ಳುತ್ತದೆ, ಮದ್ದನ್ನು ಮಾತ್ರ ಕೈಯಿಂದ ಇಡಬೇಕು. ಒಳಗಿರುವ ಐವರ ಸುತ್ತ ಉಕ್ಕಿನ ಗೋಡೆಯಿದೆ. 2018ರ ನವೆಂಬರ್ 9ರಂದು ದೇವಲಾಲಿಯಲ್ಲಿ ವಜ್ರ ಸೇನೆಗೆ ಸೇರಿತು. ಅದಾದ ಮೇಲೆ ಹಳೆಯ ಗೆಳೆಯರನ್ನು ಕಾಣಲು ಹೋದಾಗ ಅದರೊಳಗೆ ಕೂರುವ ಅವಕಾಶ ನನಗೆ ದೊರೆಯಿತು. ಶೆಲ್ ತಳ್ಳುವ ತಟ್ಟೆಯ ಮೇಲೆ ಕೈಯಿಟ್ಟಾಗ, ದ್ರಾಸ್‌ನಲ್ಲಿ ನನ್ನ ಪಕ್ಕದಲ್ಲಿ ಶೆಲ್ ಎತ್ತುತ್ತಿದ್ದ ಹುಡುಗರ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು.

ಆದರೆ ಕಾಗದದ ಮೇಲಿನ ಸೆಕೆಂಡುಗಳನ್ನು ಕಣ್ಣು ಮುಚ್ಚಿ ನಂಬಬಾರದು. 2010ರ ನವೆಂಬರ್ 23ರಂದು ಉತ್ತರ ಕೊರಿಯಾ ಯೋನ್‌ಪ್ಯೋಂಗ್ ದ್ವೀಪದ ಮೇಲೆ ಗುಂಡಿನ ಮಳೆಗರೆದಾಗ ಅಲ್ಲಿ ಆರು ಕೆ9 ಇದ್ದವು. ಮೊದಲ ಉತ್ತರ ಕೊಡಲು ಮೂರು ಮಾತ್ರ ಒದಗಿದವು, ಅದೂ ಸುಮಾರು 13 ನಿಮಿಷದ ನಂತರ. ಒಟ್ಟು 80 ಗುಂಡು ಹಾರಿಸಿದರು. ಇಬ್ಬರು ಸೈನಿಕರು, ಇಬ್ಬರು ನಾಗರಿಕರು ಆ ದಿನ ಸತ್ತರು. ಆಗ ಕೊರಿಯಾದವರು ತಮ್ಮ ಯಂತ್ರದ ಕುಂದುಗಳನ್ನು ಮುಚ್ಚಿಡಲಿಲ್ಲ. ಸಂಸತ್ತಿನಲ್ಲೂ ಪತ್ರಿಕೆಗಳಲ್ಲೂ ಜಗ್ಗಾಡಿದರು. 2017ರ ಆಗಸ್ಟ್‌ನಲ್ಲಿ ಚೋರ್‌ವನ್‌ನಲ್ಲಿ ಅಭ್ಯಾಸದ ವೇಳೆ ಒಂದು ಕೆ9ರ ಒಳಗೆ ಬೆಂಕಿ ಹೊತ್ತಿ ಮೂವರು ಸೈನಿಕರು ಪ್ರಾಣ ಕಳೆದುಕೊಂಡರು. ಇಂಥ ಯಂತ್ರ ಬೆಳೆಯುವ ದಾರಿಯಲ್ಲಿ ಯಾರದೋ ಮನೆಯ ಮಕ್ಕಳು ಇರುತ್ತಾರೆ ಎಂಬುದನ್ನು ಮೇಷ್ಟರು ತರಗತಿಯಲ್ಲಿ ಹೇಳಬೇಕೆಂದು ನನ್ನ ವಿನಂತಿ.

ದೇವರಾಯನದುರ್ಗ, ತುಮಕೂರು

ಮಾನ್ಯರೇ, ಮೇಷ್ಟರು ಕೇಳಿದ ಪ್ರಶ್ನೆಗೆ ನನ್ನ ಯಂತ್ರಶಾಲೆಯ ಬಾಗಿಲಲ್ಲಿ ನಿಂತು ಉತ್ತರ ಹೇಳುತ್ತೇನೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಹನ್ನೊಂದು ಜನ ಕೆಲಸ ಮಾಡುವ ಚಿಕ್ಕ ಘಟಕ ನನ್ನದು. ನಾಲ್ಕು ಸಿಎನ್‌ಸಿ ಲೇತ್, ಎರಡು ಗ್ರೈಂಡಿಂಗ್ ಯಂತ್ರಗಳಿವೆ.

ವಜ್ರ ಫಿರಂಗಿಯನ್ನು ಎಲ್ ಆ್ಯಂಡ್ ಟಿ ಸಂಸ್ಥೆ ಗುಜರಾತಿನ ಹಜೀರಾದಲ್ಲಿ ಜೋಡಿಸುತ್ತದೆ. ಸಂಸ್ಥೆಯೇ ತಿಳಿಸಿರುವಂತೆ ಒಂದು ಫಿರಂಗಿಗೆ 13,000ಕ್ಕೂ ಹೆಚ್ಚು ಬಗೆಯ ಭಾಗಗಳು ಬೇಕು. ಅವು ಮಹಾರಾಷ್ಟ್ರ, ಗುಜರಾತ್, ಕರ್ನಾಟಕ, ತಮಿಳುನಾಡಿನ ಸುಮಾರು 1,000 ಪೂರೈಕೆದಾರರಿಂದ ಬರುತ್ತವೆ. ಹಾಗಾಗಿ ಫಿರಂಗಿ ಎಂದರೆ ಹಜೀರಾದ ದೊಡ್ಡ ಶೆಡ್ ಮಾತ್ರವೆಂದು ತಿಳಿಯಬಾರದು. ನಮ್ಮಂಥ ಶೆಡ್‌ಗಳಲ್ಲಿ ತಯಾರಾದ ಬುಷ್ (ದಂಡ ಕೂರುವ ಕೊಳವೆಯಂಥ ತುಂಡು), ಪಿನ್, ಫ್ಲೇಂಜ್‌ಗಳು ಒಂದರ ಮೇಲೊಂದು ಕೂತು ಅದು ಎದ್ದು ನಿಲ್ಲುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಕಂಪನಿಗೆ, ಹೆಸರು ಬೇಡ, ರಕ್ಷಣಾ ವಾಹನದ ಒಂದು ಬುಷ್ ಮಾಡಿಕೊಡುವ ಕೆಲಸ ಸಿಕ್ಕಿತು. ವ್ಯಾಸ 100 ಮಿಲಿಮೀಟರ್. ಹೆಚ್ಚುಕಡಿಮೆಗೆ ಬಿಟ್ಟಿದ್ದು 15 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಒಂದು ಚೂರು. ಮೊದಲ ಅರವತ್ತು ತುಂಡುಗಳನ್ನು ಕಳಿಸಿದೆವು. ನಮ್ಮ ಗೇಜಿನಲ್ಲಿ ಎಲ್ಲವೂ ಸರಿಯಿದ್ದವು. ಅವರ ತಪಾಸಣಾ ಕೋಣೆಯಲ್ಲಿ ನಲವತ್ತೊಂದು ತಿರಸ್ಕಾರವಾದವು, ಎಲ್ಲವೂ ಅಳತೆಗಿಂತ ಚಿಕ್ಕವು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ನಮ್ಮ ಹಿರಿಯ ಆಪರೇಟರ್ ಒಂದು ತುಂಡನ್ನು ಗ್ರೈಂಡಿಂಗ್‌ನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬಿಸಿಯಾಗಿತ್ತು. ಗಡಿಬಿಡಿಯಲ್ಲಿ ನಾವು ತುಂಡು ಆರುವ ಮುನ್ನವೇ ಅಳೆಯುತ್ತಿದ್ದೆವು. 100 ಮಿಲಿಮೀಟರ್ ವ್ಯಾಸದ ಉಕ್ಕು 10 ಡಿಗ್ರಿ ಬಿಸಿಯಾದರೆ 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. ಅವರು ನಿಯಮದಂತೆ 20 ಡಿಗ್ರಿಯ ಕೋಣೆಯಲ್ಲಿ ಅಳೆದಾಗ ಅದು ಕುಗ್ಗಿ ತನ್ನ ನಿಜವಾದ ಅಳತೆ ತೋರಿಸಿತ್ತು. ತಪ್ಪು ನಮ್ಮದೇ. ಒಂದು ಚಿಕ್ಕ ಕೋಣೆಗೆ ಎ.ಸಿ. ಹಾಕಿಸಿ, ಕಲ್ಲಿನ ಮೇಜು ತಂದು, ತುಂಡುಗಳನ್ನು ನಾಲ್ಕು ಗಂಟೆ ಅದರ ಮೇಲೆ ಮಲಗಿಸಿ ಅಳೆಯುವ ಪದ್ಧತಿ ಮಾಡಿದೆವು. ಆಮೇಲೆ ತಿರಸ್ಕಾರ ನಿಂತಿತು.

ಆದರೆ ಹಣ ಬರುವುದಕ್ಕೆ ಏಳು ತಿಂಗಳಾಯಿತು. ಚಿಕ್ಕ ಘಟಕಗಳಿಗೆ 45 ದಿನದೊಳಗೆ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಬಡ್ಡಿ ಕೇಳಿ ದೂರು ಕೊಟ್ಟರೆ ಮುಂದಿನ ಆರ್ಡರ್ ಸಿಗುವುದಿಲ್ಲ ಎಂಬ ಭಯದಲ್ಲಿ ನಮ್ಮಲ್ಲಿ ಹೆಚ್ಚಿನವರು ಸುಮ್ಮನಿರುತ್ತಾರೆ, ನಾನೂ ಸುಮ್ಮನಿದ್ದೆ. ಮುಂದಿನ ಆರ್ಡರ್ ಹೇಗೂ ಬರಲಿಲ್ಲ, ಏಕೆಂದರೆ ಆ ಯೋಜನೆಯೇ ಮುಗಿದಿತ್ತು. ಎ.ಸಿ. ಕೋಣೆ, ಕಲ್ಲಿನ ಮೇಜು ಉಳಿದವು; ಅಳತೆ ಕಲಿತಿದ್ದ ಇಬ್ಬರು ಹುಡುಗರು ಬೆಂಗಳೂರಿನ ಪೀಣ್ಯಕ್ಕೆ ಹೋದರು.

ಕೆ9 ಏಕೆ ಗೆದ್ದಿತು ಎಂಬ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಕೊರಿಯಾದ ಸೇನೆ ತಾನೇ ಸಾವಿರಕ್ಕೂ ಹೆಚ್ಚು ಕೆ9 ಕೊಂಡಿತು, ಅದನ್ನು ಒಂದೇ ವರ್ಷದಲ್ಲಿ ಕೊಳ್ಳದೆ ವರ್ಷವರ್ಷ ಕೊಳ್ಳುತ್ತಾ ಹೋಯಿತು. ಕೆ9 ತಯಾರಾಗುವ ಚಾಂಗ್‌ವನ್ ಊರಿನ ಕಾರ್ಖಾನೆ ಮತ್ತು ಅದರ ಸುತ್ತಲಿನ ಚಿಕ್ಕ ಯಂತ್ರಶಾಲೆಗಳು ಕೆಲಸವಿಲ್ಲದೆ ಕೂರಲಿಲ್ಲ. ಅದರಿಂದಲೇ 2022ರ ಆಗಸ್ಟ್‌ನಲ್ಲಿ ಪೋಲೆಂಡ್ 212 ಫಿರಂಗಿಗಳಿಗೆ ಸಹಿ ಹಾಕಿದಾಗ, ಮೊದಲ 24 ಫಿರಂಗಿಗಳು ಅದೇ ಡಿಸೆಂಬರ್‌ನಲ್ಲಿ ಗ್ಡಿನಿಯಾ ಬಂದರಿಗೆ ಬಂದಿಳಿದವು. ಪಕ್ಕದ ಉಕ್ರೇನಿನಲ್ಲಿ ಯುದ್ಧ ನಡೆಯುತ್ತಿರುವಾಗ ನಾಲ್ಕು ತಿಂಗಳಲ್ಲಿ ಸರಕು ಕೊಡುವವನನ್ನು ಯಾರು ಬಿಡುತ್ತಾರೆ?

ನಮ್ಮ ಕಡೆ ನೋಡಿ. 100ನೇ ವಜ್ರ 2021ರ ಫೆಬ್ರವರಿಯಲ್ಲಿ ಹಜೀರಾದಿಂದ ಹೊರಟಿತು, ಅದೂ ನಿಗದಿತ ಸಮಯಕ್ಕಿಂತ ಮೊದಲೇ. ಎರಡನೆಯ ಒಪ್ಪಂದಕ್ಕೆ ಸಹಿಯಾದದ್ದು 2024ರ ಡಿಸೆಂಬರ್ 20ರಂದು, 7,628.70 ಕೋಟಿ ರೂಪಾಯಿಗೆ. ನಡುವೆ ಸುಮಾರು ನಾಲ್ಕು ವರ್ಷ. ಹಜೀರಾದಂಥ ದೊಡ್ಡ ಕಾರ್ಖಾನೆ ಆ ಅವಧಿಯನ್ನು ಬೇರೆ ಕೆಲಸದಿಂದ ತುಂಬಿಕೊಳ್ಳಬಹುದು. ಹನ್ನೊಂದು ಜನರ ಶೆಡ್ ನಾಲ್ಕು ವರ್ಷ ಕಾಯುವುದು ಹೇಗೆ?

ಚಿಂತಾಮಣಿ ವಿದ್ಯಾರ್ಥಿ

ಪ್ರಶ್ನೆ ಕೇಳಿದ ಹಿಂದಿನ ಬೆಂಚಿನ ಹುಡುಗ ನಾನೇ. ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ. ಕೆ9ರ ಎಂಜಿನ್ ಜರ್ಮನಿಯದು, ಗೇರ್‌ಬಾಕ್ಸ್ ಅಮೆರಿಕದ್ದು ಎಂದು ಓದಿದೆ. ಹಾಗಿದ್ದರೆ ಅದನ್ನು ಕೊರಿಯಾದ ಫಿರಂಗಿ ಎನ್ನುವುದು ಸರಿಯೇ? ನಾವೂ ಹಾಗೆಯೇ ಹೊರಗಿನ ಎಂಜಿನ್ ತಂದು ಮಾಡಬಹುದಿತ್ತಲ್ಲವೇ?

ಅಂತರಗಂಗೆ, ಕೋಲಾರ

ಒಳ್ಳೆಯ ಪ್ರಶ್ನೆ. ನೀನು ಓದಿದ್ದು ನಿಜ. ಎಂಜಿನ್ ಜರ್ಮನಿಯ ಎಂಟಿಯು ಸಂಸ್ಥೆಯ ವಿನ್ಯಾಸ, ಅದನ್ನು ಪರವಾನಗಿ ಪಡೆದು ಕೊರಿಯಾದಲ್ಲೇ ತಯಾರಿಸುತ್ತಾರೆ; ಗೇರ್‌ಬಾಕ್ಸ್ ಅಮೆರಿಕದ ಆಲಿಸನ್ ಸಂಸ್ಥೆಯದು. ಆರಂಭದಲ್ಲಿ ಇದು ಜಾಣ ನಿರ್ಧಾರವೇ ಆಗಿತ್ತು. ನಳಿಗೆ, ಟರೆಟ್ (ನಳಿಗೆ ಕೂರುವ, ತಿರುಗುವ ಮೇಲ್ಭಾಗ), ಗುರಿ ಲೆಕ್ಕ ಹಾಕುವ ವ್ಯವಸ್ಥೆ, ಷಾಸಿ ಇವುಗಳಿಗೆ ತಮ್ಮ ಶಕ್ತಿಯನ್ನೆಲ್ಲ ಹಾಕಿ, ಜಗತ್ತಿನಲ್ಲಿ ಆಗಲೇ ಚೆನ್ನಾಗಿ ಓಡುತ್ತಿದ್ದ ಎಂಜಿನ್ನನ್ನು ಕೊಂಡರು. ಎಲ್ಲವನ್ನೂ ಒಂದೇ ಸಲ ಹೊಸದಾಗಿ ಮಾಡಲು ಹೋಗಿದ್ದರೆ ಹತ್ತು ವರ್ಷದಲ್ಲಿ ಮುಗಿಯುತ್ತಿರಲಿಲ್ಲ.

ಆದರೆ ಮಾರುವ ಹೊತ್ತಿಗೆ ಅದರ ಬೆಲೆ ತೆರಬೇಕಾಯಿತು. ಫಿರಂಗಿ ನಿನ್ನದಾದರೂ ಅದರ ಎಂಜಿನ್ ಇನ್ನೊಬ್ಬರದಾದರೆ, ಅದನ್ನು ಯಾರಿಗೆ ಮಾರಬಹುದು ಎಂಬುದನ್ನು ಆ ಇನ್ನೊಬ್ಬರೂ ನಿರ್ಧರಿಸುತ್ತಾರೆ. ಮಧ್ಯಪ್ರಾಚ್ಯದ ದೇಶಗಳಿಗೆ ಕೆ9 ಮಾರಲು ಹೊರಟಾಗ ಜರ್ಮನಿಯ ರಫ್ತು ಅನುಮತಿ ಅಡ್ಡಬಂತು. ಆಗ ಕೊರಿಯಾ ಸರ್ಕಾರವೇ ಹಣ ಹಾಕಿ, ಎಸ್‌ಟಿಎಕ್ಸ್ ಎಂಜಿನ್ ಎಂಬ ತನ್ನ ಸಂಸ್ಥೆಯಿಂದ 1000 ಅಶ್ವಶಕ್ತಿಯ ಸ್ವದೇಶಿ ಎಂಜಿನ್ ಮಾಡಿಸಿತು. ಅದನ್ನು ಈಜಿಪ್ಟಿಗೆ ಹೋಗುವ ಫಿರಂಗಿಗಳಿಗಾಗಿ ಸಿದ್ಧಪಡಿಸಲಾಯಿತು. ಗಮನಿಸು, ಫಿರಂಗಿ ಸೇನೆಗೆ ಸೇರಿ ಇಪ್ಪತ್ತು ವರ್ಷವಾದ ಮೇಲೆ ಎಂಜಿನ್ ಕೆಲಸಕ್ಕೆ ಕೈಹಾಕಿದರು.

ನಮ್ಮಲ್ಲಿಯೂ ಇದೇ ಗಂಟು ಇದೆ. ಅರ್ಜುನ್ ಟ್ಯಾಂಕಿನ ಎಂಜಿನ್ನೂ ಎಂಟಿಯುದೇ. 2024ರ ಮಾರ್ಚ್ 20ರಂದು ಮೈಸೂರಿನ ಬಿಇಎಂಎಲ್ ಎಂಜಿನ್ ವಿಭಾಗದಲ್ಲಿ 1500 ಅಶ್ವಶಕ್ತಿಯ ಸ್ವದೇಶಿ ಟ್ಯಾಂಕ್ ಎಂಜಿನ್ ಮೊದಲ ಬಾರಿಗೆ ಪರೀಕ್ಷಾ ಪೀಠದ ಮೇಲೆ ಹೊತ್ತಿಕೊಂಡಿತು. ಪೀಠದ ಮೇಲೆ ಓಡುವುದಕ್ಕೂ ಮರಳಿನಲ್ಲಿ ಸಾವಿರಾರು ಕಿಲೋಮೀಟರ್ ಓಡುವುದಕ್ಕೂ ನಡುವೆ ಬಹಳ ಕೆಲಸವಿದೆ. ಆದರೂ ಅದು ನಡೆದದ್ದು ನಮ್ಮ ರಾಜ್ಯದಲ್ಲಿ ಎಂಬುದು ನನಗೆ ಸಂತೋಷದ ವಿಷಯ.

ನಾವು ಏನೂ ಮಾಡಿಲ್ಲ ಎಂದೂ ತಿಳಿಯಬೇಡ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 2013ರಲ್ಲಿ ಆರಂಭಿಸಿದ ಎಟಿಎಜಿಎಸ್ ಎಂಬ ಎಳೆದೊಯ್ಯುವ ಫಿರಂಗಿಯ ನಳಿಗೆಯೂ 52 ಕ್ಯಾಲಿಬರ್. ಅದರ ಮದ್ದಿನ ಕೋಣೆ 25 ಲೀಟರಿನದು. ಸಾಮಾನ್ಯವಾಗಿ ಬೇರೆಯವರದು 23 ಲೀಟರ್. ಆ ಎರಡು ಲೀಟರ್ ಹೆಚ್ಚಿನ ಜಾಗದಿಂದ ಪರೀಕ್ಷೆಯಲ್ಲಿ 48 ಕಿಲೋಮೀಟರ್ ದೂರ ಸಾಧ್ಯವಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಪೋಖ್ರಾನ್‌ನಲ್ಲಿ ಒಂದು ನಳಿಗೆ ಸಿಡಿದು ನಾಲ್ವರು ಗಾಯಗೊಂಡರು. ಕಾರಣ ಹುಡುಕಿ, ಮತ್ತೆ ಪರೀಕ್ಷಿಸಿ, ಕೊನೆಗೆ 2025ರ ಮಾರ್ಚ್‌ನಲ್ಲಿ ಭಾರತ್ ಫೋರ್ಜ್ ಮತ್ತು ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಜೊತೆ 307 ಫಿರಂಗಿಗಳಿಗೆ ಒಪ್ಪಂದವಾಯಿತು. ಹನ್ನೆರಡು ವರ್ಷ. ಕೊರಿಯಾದ ಹತ್ತು ವರ್ಷಕ್ಕೆ ಹೋಲಿಸಿದರೆ ಇದು ನಾಚಿಕೆಪಡುವಂಥದ್ದಲ್ಲ. ನಮ್ಮ ನಿಜವಾದ ನಷ್ಟ ಅದಕ್ಕೂ ಹಿಂದಿನದು. ದಕ್ಷಿಣ ಆಫ್ರಿಕಾದ ಡೆನೆಲ್ ಸಂಸ್ಥೆಯ ಟರೆಟ್ಟನ್ನು ಅರ್ಜುನ್ ಷಾಸಿಯ ಮೇಲಿಟ್ಟು 'ಭೀಮ್' ಎಂಬ ಸ್ವಯಂ ಚಲಿಸುವ ಫಿರಂಗಿ ಮಾಡಿದ್ದೆವು. 2005ರಲ್ಲಿ ಆ ಸಂಸ್ಥೆಯ ಮೇಲೆ ಲಂಚದ ಆರೋಪ ಬಂದು ಯೋಜನೆ ನಿಂತುಹೋಯಿತು. ಆರೋಪದ ತನಿಖೆ ಆಗಬೇಕಾದದ್ದೇ. ಆದರೆ ಅದರ ಜೊತೆಗೆ ನಮ್ಮ ಎಂಜಿನಿಯರುಗಳು ಕಲಿತದ್ದೂ ಕಡತ ಸೇರಿತು.

ಚಾಂಪಿಯನ್ ರೀಫ್, ಕೆಜಿಎಫ್

ಕಲಿತದ್ದು ಕಡತ ಸೇರುವುದೆಂದರೆ ಏನೆಂದು ಕೆಜಿಎಫ್‌ನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ನಮ್ಮ ತಂದೆ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಮೂರು ಕಿಲೋಮೀಟರ್ ಆಳಕ್ಕೆ ಜನರನ್ನು ಇಳಿಸುವ ಯಂತ್ರದ ಬೇರಿಂಗ್ ಸವೆದಿದೆಯೇ ಎಂಬುದನ್ನು ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ಕಿವಿಗಿಟ್ಟು ಕೇಳಿ ಹೇಳುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರಂಥ ನೂರಾರು ಜನ ಮುಂಜಾನೆ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಕಾವಲುಗಾರರಾದರು. ಆ ಕಿವಿಯ ವಿದ್ಯೆ ಯಾರಿಗೂ ದಾಟಲಿಲ್ಲ.

ಇಲ್ಲಿ ಬಿಇಎಂಎಲ್ ಇದ್ದುದರಿಂದ ಊರು ಪೂರ್ತಿ ಬರಿದಾಗಲಿಲ್ಲ. 1964ರಲ್ಲಿ ಹುಟ್ಟಿದ ಆ ಸಂಸ್ಥೆ ಇಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳ ಜೊತೆಗೆ ಸೇನೆಯ ಕೆಲಸವನ್ನೂ ಮಾಡುತ್ತದೆ. ಬುಲ್ಡೋಜರಿನ ಸರಪಳಿ ಪಟ್ಟಿಗೂ ಫಿರಂಗಿಯ ಸರಪಳಿ ಪಟ್ಟಿಗೂ ಅಣ್ಣತಮ್ಮಂದಿರ ಸಂಬಂಧ. ಪಿನ್ನಿನ ಮೇಲ್ಮೈ ಗಡಸಾಗಿ, ಒಳಗಿನ ತಿರುಳು ಮೆತ್ತಗೆ ಇರಬೇಕು. ಇಲ್ಲದಿದ್ದರೆ ಒಂದೋ ಸವೆಯುತ್ತದೆ, ಇಲ್ಲವೇ ಮುರಿಯುತ್ತದೆ. ಆದ್ದರಿಂದ ತುಮಕೂರಿನ ಸದಸ್ಯರ ನೋವನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ಸೇನೆಯ ಆರ್ಡರನ್ನೇ ನಂಬಿ ಬಂಡವಾಳ ಹಾಕುವ ಚಿಕ್ಕ ಘಟಕ ಉಳಿಯುವುದು ಕಷ್ಟ. ಅದೇ ಲೇತಿನಲ್ಲಿ ಗಣಿಗಾರಿಕೆಯ ವಾಹನದ ಪಿನ್ನನ್ನೂ ಮಾಡುವಂತಿದ್ದರೆ ನಾಲ್ಕು ವರ್ಷದ ಬರವನ್ನು ದಾಟಬಹುದು. ಚಾಂಗ್‌ವನ್ ಕೂಡ ಬರೀ ಫಿರಂಗಿಯ ಊರಲ್ಲ. 1970ರ ದಶಕದಿಂದ ಯಂತ್ರೋದ್ಯಮಕ್ಕೆಂದೇ ಕಟ್ಟಿದ ಊರು. ನಮ್ಮ ವೇಮಗಲ್, ನರಸಾಪುರಗಳಲ್ಲಿ ಈಗ ಕಾರ್ಖಾನೆಗಳು ಸಾಲಾಗಿ ಬರುತ್ತಿವೆ, ಗುಬ್ಬಿಯಲ್ಲಿ 2023ರ ಫೆಬ್ರವರಿಯಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಆ ಕೆಲಸಗಳ ಮಧ್ಯೆ ಫಿರಂಗಿಯ ಕೆಲಸವೂ ಒಂದಾಗಿರಲಿ.

ಗೌರಿಬಿದನೂರು ಓದುಗ

ಚರ್ಚೆ ಚೆನ್ನಾಗಿ ನಡೆದಿದೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಒಂದು ಅಳುಕನ್ನು ಮುಂದಿಡುತ್ತೇನೆ. ಟರ್ಕಿಯ ಫಿರ್ಟಿನಾಗಳು ಸಿರಿಯಾದ ನೆಲದ ಮೇಲೆ ಗುಂಡು ಹಾರಿಸಿವೆ. ಪೋಲೆಂಡಿನ ಕ್ರಾಬ್‌ಗಳು ಉಕ್ರೇನಿಗೆ ಹೋಗಿ ಯುದ್ಧದಲ್ಲಿವೆ. ನಾವೂ 2022ರಿಂದ ಅರ್ಮೇನಿಯಾಕ್ಕೆ ಪಿನಾಕ ರಾಕೆಟ್ ವ್ಯವಸ್ಥೆ ಮಾರುತ್ತಿದ್ದೇವೆ, 2024–25ರಲ್ಲಿ ದೇಶದ ರಕ್ಷಣಾ ರಫ್ತು 23,622 ಕೋಟಿ ರೂಪಾಯಿಗೆ ಏರಿದೆ. ನಮ್ಮ ಗಡಿ ಕಾಯಲು ಫಿರಂಗಿ ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ವಸಂತನರಸಾಪುರದ ಒಂದು ಬುಷ್ ಯಾವ ಊರಿನ ಮೇಲೆ ಗುಂಡು ಹಾರಿಸುವ ಫಿರಂಗಿಯೊಳಗೆ ಕೂರುತ್ತದೆ ಎಂಬುದು ಅದನ್ನು ಮಾಡಿದವರಿಗೆ ತಿಳಿಯಬೇಡವೇ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಗೌರಿಬಿದನೂರಿನ ಮೇಷ್ಟರ ಅಳುಕು ನ್ಯಾಯವಾದದ್ದು, ಅದನ್ನು ಲಘುವಾಗಿ ತೆಗೆದುಕೊಳ್ಳುವವನು ನಾನಲ್ಲ. ಶಸ್ತ್ರ ಮಾರುವಾಗ ಕೊಳ್ಳುವ ದೇಶ ಅಂತಿಮ ಬಳಕೆದಾರರ ಪ್ರಮಾಣಪತ್ರ ಕೊಡಬೇಕು. ನಮ್ಮ ಸರ್ಕಾರದ ಅನುಮತಿಯಿಲ್ಲದೆ ಮೂರನೆಯವರಿಗೆ ದಾಟಿಸುವಂತಿಲ್ಲ. ಭಾರತ 2017ರ ಡಿಸೆಂಬರ್‌ನಲ್ಲಿ ಶಸ್ತ್ರ ರಫ್ತಿನ ಮೇಲೆ ನಿಗಾ ಇಡುವ ದೇಶಗಳ ವಾಸೆನಾರ್ ಒಪ್ಪಂದದ ಕೂಟಕ್ಕೂ ಸೇರಿದೆ. ಕಾಗದ ಎಲ್ಲವನ್ನೂ ತಡೆಯುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಬುಷ್ ಮಾಡುವವನಿಗೆ ಅದು ಎಲ್ಲಿಗೆ ಹೋಗುತ್ತದೆಂದು ತಿಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಸಂಸತ್ತಿನಲ್ಲಿ ಯಾವ ದೇಶಕ್ಕೆ ಏನು ಮಾರಿದೆವು ಎಂಬುದು ಈಗಿನದಕ್ಕಿಂತ ಹೆಚ್ಚು ವಿವರವಾಗಿ ಚರ್ಚೆಯಾಗಬೇಕು ಎಂಬ ಬೇಡಿಕೆಗೆ ಒಬ್ಬ ಮಾಜಿ ಸೈನಿಕನಾಗಿ ನನ್ನ ಸಹಿಯೂ ಇದೆ.

ಇನ್ನೊಂದು ವಿಷಯ. ಕೆ9 ಎಲ್ಲ ಕಡೆ ಗೆಲ್ಲುತ್ತದೆ ಎಂದು ಹುಡುಗರು ತಿಳಿಯಬಾರದು. ಬ್ರಿಟನ್ 2024ರಲ್ಲಿ ಕೆ9ರ ಹೊಸ ರೂಪವನ್ನು ಬಿಟ್ಟು, ಚಕ್ರಗಳ ಮೇಲೆ ಓಡುವ ಜರ್ಮನ್ ಆರ್‌ಸಿಎಚ್ 155 ಆರಿಸಿತು. ಚಕ್ರದ ಫಿರಂಗಿ ರಸ್ತೆಯಲ್ಲಿ ವೇಗವಾಗಿ ಓಡುತ್ತದೆ. ಮರಳು, ಕೆಸರು, ಹಿಮದಲ್ಲಿ ಸರಪಳಿ ಪಟ್ಟಿಗೆ ಸಾಟಿಯಿಲ್ಲ. ವಜ್ರವನ್ನು ನಾವು ಕೊಂಡದ್ದು ರಾಜಸ್ಥಾನದ ಮರುಭೂಮಿಗಾಗಿ. 2021ರಲ್ಲಿ ಅದು ಲಡಾಖ್ ಏರಿತು. ಅಲ್ಲಿನ ಚಳಿಗೆ ಬ್ಯಾಟರಿ, ಎಣ್ಣೆ ಎಲ್ಲವನ್ನೂ ಬದಲಿಸಬೇಕಾಯಿತು, ಆದರೆ ಅದು ಓಡಿತು, ಹೊಡೆಯಿತು. ಎತ್ತರದಲ್ಲಿ ಎಂಜಿನ್ನಿಗೂ ಮನುಷ್ಯನಂತೆಯೇ ಉಸಿರು ಸಾಲುವುದಿಲ್ಲ ಎಂಬುದನ್ನು ಬಲ್ಲವರಿಗೆ ಅದರ ಮಹತ್ವ ಗೊತ್ತು.

ದೇವರಾಯನದುರ್ಗ, ತುಮಕೂರು

ಕೆಜಿಎಫ್‌ನ ಸದಸ್ಯರ ಸಲಹೆಯನ್ನು ಒಪ್ಪಿದೆ. ನಾವೂ ಈಗ ಪಂಪ್ ಮತ್ತು ಟ್ರ್ಯಾಕ್ಟರ್ ಭಾಗಗಳಿಂದಲೇ ಬಾಡಿಗೆ, ಸಂಬಳ ಹೊಂದಿಸುತ್ತಿದ್ದೇವೆ. ಆದರೆ ಪಂಪಿನ ಭಾಗಕ್ಕೆ 50 ಮೈಕ್ರಾನ್ ಸಾಕು. 15 ಮೈಕ್ರಾನಿನ ಶಿಸ್ತನ್ನು ದಿನವೂ ಬಳಸದಿದ್ದರೆ ಕೈ ಮರೆಯುತ್ತದೆ. ಎರಡನೆಯ ವಜ್ರ ಒಪ್ಪಂದದ ಕೆಲಸ ಈ ಕಡೆ ಹರಿದು ಬಂದರೆ ಅದನ್ನು ಹಿಡಿಯಲು ಸಿದ್ಧರಿರಬೇಕೆಂದು ಆ ಎ.ಸಿ. ಕೋಣೆಯನ್ನು ಇನ್ನೂ ಮುಚ್ಚಿಲ್ಲ.

ಗುಣಮಟ್ಟದ ವಿಷಯದಲ್ಲಿ ನಮ್ಮವರಿಗೂ ಒಂದು ಮಾತು. ಧನುಷ್ ಫಿರಂಗಿಗೆ ಚೀನಾದ ಬೇರಿಂಗ್‌ಗಳನ್ನು ಜರ್ಮನಿಯವೆಂದು ಹೇಳಿ ಪೂರೈಸಿದ ಆರೋಪದ ಮೇಲೆ 2017ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಅಂಥ ಒಂದು ಪ್ರಕರಣ ಸಾಕು, ಪ್ರಾಮಾಣಿಕವಾಗಿ ದುಡಿಯುವ ಸಾವಿರ ಶೆಡ್‌ಗಳ ಮೇಲೆ ಅನುಮಾನ ಬೀಳುತ್ತದೆ. ಆ ಬೇರಿಂಗಿನ ಪಕ್ಕದಲ್ಲಿ ನಿಂತು ಗುಂಡು ಹಾರಿಸುವವರು ನಂದಿ ತಪ್ಪಲಿನ ಹವಾಲ್ದಾರರಂಥವರು.

ಚಿಂತಾಮಣಿಯ ವಿದ್ಯಾರ್ಥಿಗೆ: ನಿಮ್ಮ ಮೇಷ್ಟರು ಒಪ್ಪಿದರೆ ರಜೆಯ ಆರು ವಾರ ನಮ್ಮಲ್ಲಿಗೆ ಬನ್ನಿ. ಊಟ, ವಸತಿ ನಮ್ಮದು. ಮೊದಲ ಎರಡು ವಾರ ಯಂತ್ರ ಮುಟ್ಟಲು ಬಿಡುವುದಿಲ್ಲ. ಅಳತೆಯ ಕೋಣೆಯಲ್ಲಿ ಕೂತು ಒಂದೇ ತುಂಡನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಳೆದು ಪುಸ್ತಕದಲ್ಲಿ ಬರೆಯಬೇಕು.

ಚಿಂತಾಮಣಿ ವಿದ್ಯಾರ್ಥಿ

ಖಂಡಿತ ಬರುತ್ತೇನೆ ಸರ್. ಮನೆಯಲ್ಲಿ ಕೇಳಿದೆ, ಒಪ್ಪಿದ್ದಾರೆ. ಪರೀಕ್ಷೆ ಮುಗಿದ ಮರುದಿನವೇ ತುಮಕೂರಿನ ಬಸ್ಸು ಹತ್ತುತ್ತೇನೆ. ಅಳತೆ ಬರೆಯುವ ಪುಸ್ತಕ ನಾನೇ ತರಬೇಕೇ, ಅಲ್ಲಿಯೇ ಕೊಡುತ್ತೀರಾ?

ದೇವರಾಯನದುರ್ಗ, ತುಮಕೂರು

ಇಲ್ಲಿಯೇ ಇದೆ. ಹಿಂದಿನ ಇಬ್ಬರು ಹುಡುಗರು ಅರ್ಧ ಬರೆದು ಬಿಟ್ಟುಹೋದ ಪುಸ್ತಕ. ಅದರ ಮುಂದಿನ ಪುಟದಿಂದ ಬರೆಯಿರಿ.